ಬೇಸ್ ಆಂಪ್‌ಗೆ ಯುಎಸ್‌ಬಿ ಚುಚ್ಚಿದರೂ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಆಗ್ತಿಲ್ಲವೇ?

ಗಣಪತಿ ಹಬ್ಬ ಹತ್ತಿರ ಬಂತು ಅಂದ್ರೆ ಚಿಕ್ಕಮಗಳೂರು, ಹಾಸನ ಕಡೆಯ ಆರ್ಕೆಸ್ಟ್ರಾದವರಿಗೆ ಪುರುಸೊತ್ತೇ ಇರುವುದಿಲ್ಲ. ಮೊದಲೆಲ್ಲ ಪ್ರಾಕ್ಟೀಸ್‌ಗೆ ಎಲ್ಲರೂ ಒಂದೇ ಕಡೆ ಸೇರಬೇಕಿತ್ತು. ಈಗ ಹಾಸನದ ಕೀಬೋರ್ಡ್‌ನವರು ಮನೆಯಲ್ಲೇ ಒಂದು ಟ್ರ್ಯಾಕ್ ಮಾಡಿ ವಾಟ್ಸಾಪ್‌ಗೆ ಹಾಕುತ್ತಾರೆ. ಮೂಡಿಗೆರೆಯಲ್ಲಿರುವ ಬೇಸ್ ಗಿಟಾರ್ ಹುಡುಗ ಅದರ ಮೇಲೆ ತನ್ನ ಭಾಗ ನುಡಿಸಿ ವಾಪಸ್ ಕಳಿಸುತ್ತಾನೆ. ಜಡಿಮಳೆಯಲ್ಲಿ ಘಾಟಿ ರಸ್ತೆ ಹಿಡಿದು ಆಂಪ್, ಅಂದರೆ ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ, ಹೊತ್ತುಕೊಂಡು ಹೋಗುವ ಕೆಲಸ ತಪ್ಪಿತು.

ಇದಕ್ಕೆ ದಾರಿ ಮಾಡಿಕೊಟ್ಟಿದ್ದು ಈಚಿನ ಪ್ರಾಕ್ಟೀಸ್ ಆಂಪ್‌ಗಳ ಹಿಂದೆ ಇರುವ ಒಂದು ಸಣ್ಣ ಯುಎಸ್‌ಬಿ ಕಿಂಡಿ. ಅಲ್ಲಿಂದ ಒಂದು ಕೇಬಲ್ ಎಳೆದು ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಆಯ್ತು, ಬೇರೆ ಸಾಮಾನು ಬೇಡ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಚುಚ್ಚಿ ನೋಡಿದರೆ ಕೆಲವರಿಗೆ ಏನೂ ಕೇಳುವುದಿಲ್ಲ. ಕೆಲವರಿಗೆ ಬರೀ ಗುಂಯ್ ಅನ್ನುತ್ತದೆ. ಇನ್ನು ಕೆಲವರಿಗೆ ಹಾಡೆಲ್ಲ ಸರಿ, ಬೇಸ್ ಮಾತ್ರ ಅರ್ಧ ತಾಳ ಹಿಂದೆ. ಒಬ್ಬರು ಡ್ರೈವರ್ ಹಾಕಿ ಅಂತಾರೆ, ಇನ್ನೊಬ್ಬರು ಕೇಬಲ್ ಬದಲಾಯಿಸಿ ಅಂತಾರೆ. ಇಬ್ಬರೂ ಸರಿಯೇ ಇರಬಹುದು. ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗದೆ ಎರಡನ್ನೂ ಮಾಡಿದರೆ ದುಡ್ಡು ದಂಡ.

ಆ ಕಿಂಡಿಯೊಳಗೆ ಏನಿದೆ?

ಬೇಸ್ ಗಿಟಾರ್‌ನ ತಂತಿ ಅಲುಗಾಡಿದಾಗ ಅದರ ಕೆಳಗಿನ ಪಿಕಪ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅದು ಏರಿಳಿಯುವ ಅಲೆ. ಕಂಪ್ಯೂಟರ್‌ಗೆ ಅಲೆ ಅರ್ಥವಾಗುವುದಿಲ್ಲ, ಅಂಕಿ ಮಾತ್ರ ಅರ್ಥವಾಗುತ್ತದೆ. ಹಾಗಾಗಿ ನಡುವೆ ಒಂದು ಚಿಪ್ ಕೂತು, ಅಲೆಯ ಎತ್ತರವನ್ನು ಮತ್ತೆ ಮತ್ತೆ ಅಳೆದು ಅಂಕಿಯಾಗಿ ಬರೆಯುತ್ತದೆ. ಒಂದು ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಸಲ. ಇದಕ್ಕೆ ಸ್ಯಾಂಪಲ್ ರೇಟ್ ಅನ್ನುತ್ತಾರೆ. ಬೇಸ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಅಂದರೆ ತಂತಿ ಒಂದು ಸಲ ಹೋಗಿ ಬರುವಷ್ಟರಲ್ಲಿ ಚಿಪ್ ಸಾವಿರಕ್ಕೂ ಜಾಸ್ತಿ ಅಳತೆ ತೆಗೆದಿರುತ್ತದೆ.

ಸ್ಟುಡಿಯೋದವರು ಈ ಕೆಲಸಕ್ಕೆ ಆಡಿಯೋ ಇಂಟರ್ಫೇಸ್ ಅನ್ನೋ ಬೇರೆ ಪೆಟ್ಟಿಗೆ ಇಟ್ಟುಕೊಂಡಿರುತ್ತಾರೆ. ಯುಎಸ್‌ಬಿ ರೆಕಾರ್ಡಿಂಗ್ ಇರುವ ಆಂಪ್ ಅಂದರೆ ಆ ಪೆಟ್ಟಿಗೆಯನ್ನು ಆಂಪ್‌ನೊಳಗೇ ಸೇರಿಸಿದ್ದಾರೆ ಅಂತ ಅರ್ಥ.

ಇಲ್ಲಿ ಎರಡು ವಿಷಯ ಮೊದಲೇ ತಿಳಿದಿರಬೇಕು.

ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಅದರಲ್ಲಿ ಆಡಿಯೋ ಬರುತ್ತದೆ ಅಂತಿಲ್ಲ. ಕೆಲವು ಆಂಪ್‌ಗಳಲ್ಲಿ ಅದು ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಮಾತ್ರ. ಕೆಲವದರಲ್ಲಿ ಮೊಬೈಲ್ ಚಾರ್ಜ್ ಮಾಡಲು. ಜೊತೆಗೆ ಬಂದ ಪುಸ್ತಕದಲ್ಲಿ ಯುಎಸ್‌ಬಿ ಆಡಿಯೋ, ರೆಕಾರ್ಡಿಂಗ್ ಅನ್ನೋ ಪದ ಇದೆಯಾ ನೋಡಿ. ಇಲ್ಲದಿದ್ದರೆ ಈ ಲೇಖನದ ಕೊನೆಯ ಭಾಗಕ್ಕೆ ನೇರವಾಗಿ ಹೋಗಬಹುದು.

ಇನ್ನೊಂದು, ಈ ಸಂಪರ್ಕ ಎರಡೂ ಕಡೆ ಹರಿಯುತ್ತದೆ. ಕೇಬಲ್ ಚುಚ್ಚಿದ ತಕ್ಷಣ ಲ್ಯಾಪ್‌ಟಾಪ್‌ಗೆ ಆಂಪ್ ಒಂದು ಮೈಕ್ ಆಗಿಯೂ ಕಾಣುತ್ತದೆ, ಬಹಳಷ್ಟು ಆಂಪ್‌ಗಳಲ್ಲಿ ಒಂದು ಸ್ಪೀಕರ್ ಆಗಿಯೂ ಕಾಣುತ್ತದೆ. "ಆಂಪ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಸೌಂಡ್ ಹೋಯ್ತು, ಯೂಟ್ಯೂಬೂ ಕೇಳ್ತಿಲ್ಲ" ಅಂತ ಗಾಬರಿಯಾಗುವವರು ಬಹಳ ಜನ. ಏನೂ ಕೆಟ್ಟಿರುವುದಿಲ್ಲ. ಸೌಂಡ್ ಆಂಪ್‌ನ ಕಡೆಗೆ ಹೋಗಿರುತ್ತದೆ. ಆಂಪ್‌ನ ವಾಲ್ಯೂಮ್ ಏರಿಸಿ ನೋಡಿ, ಅಥವಾ ಕಂಪ್ಯೂಟರ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಅನ್ನು ವಾಪಸ್ ಲ್ಯಾಪ್‌ಟಾಪ್ ಸ್ಪೀಕರ್‌ಗೆ ಬದಲಾಯಿಸಿ.

ಎಲ್ಲಿಯವರೆಗೆ ಬಂದಿದೆ ಅಂತ ನೋಡಿ

ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಮುಂದಿನ ಮಾತು ಹೊಸದಲ್ಲ. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ನೀರು ಹಾಯಿಸುವಾಗ ಜೆಟ್‌ನಲ್ಲಿ ನೀರು ಬರದಿದ್ದರೆ ಯಾರೂ ಮೊದಲು ಮೋಟರ್ ಬಿಚ್ಚಲು ಕೂರುವುದಿಲ್ಲ. ಪೈಪ್ ಲೈನ್ ಹಿಡಿದು ನಡೆಯುತ್ತಾರೆ. ಯಾವ ಜಾಯಿಂಟ್‌ವರೆಗೆ ನೀರು ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಅಂತ ನೋಡುತ್ತಾರೆ. ತೊಂದರೆ ಆ ಎರಡರ ಮಧ್ಯೆ.

ಇಲ್ಲೂ ಅಷ್ಟೇ. ಗಿಟಾರ್, ಅದರ ಕೇಬಲ್, ಆಂಪ್, ಆಂಪ್‌ನೊಳಗಿನ ಚಿಪ್, ಯುಎಸ್‌ಬಿ ಕೇಬಲ್, ಕಂಪ್ಯೂಟರ್‌ನ ಡ್ರೈವರ್, ರೆಕಾರ್ಡಿಂಗ್ ಸಾಫ್ಟ್‌ವೇರ್, ಕೊನೆಗೆ ನೀವು ಕೇಳುವ ಹೆಡ್‌ಫೋನ್. ಸದ್ದು ಇದೇ ಸಾಲಿನಲ್ಲಿ ಬರಬೇಕು. ಆಂಪ್‌ನ ಸ್ಪೀಕರ್‌ನಲ್ಲಿ ಬೇಸ್ ಚೆನ್ನಾಗಿ ಕೇಳಿಸುತ್ತಿದೆ ಅಂದರೆ ಮೊದಲ ಮೂರು ಸರಿ ಇವೆ, ಅವನ್ನು ಮುಟ್ಟಬೇಡಿ. ಮುಂದಿನದನ್ನು ಒಂದೊಂದಾಗಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿ ಸರಿಯಾಯ್ತು ಅಂದ್ರೆ, ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಗೋಳು.

ಕಂಪ್ಯೂಟರ್‌ಗೆ ಆಂಪ್ ಕಾಣುತ್ತಲೇ ಇಲ್ಲ

ಮೊದಲು ಆಂಪ್ ಆನ್ ಆಗಿದೆಯಾ ನೋಡಿ. ನಗಬೇಡಿ. ಹೆಚ್ಚಿನ ಆಂಪ್‌ಗಳ ಯುಎಸ್‌ಬಿ ಚಿಪ್‌ಗೆ ಕರೆಂಟ್ ಬರುವುದು ಗೋಡೆಯ ಪ್ಲಗ್‌ನಿಂದ. ಲ್ಯಾಪ್‌ಟಾಪ್‌ನ ಕೇಬಲ್ ಮಾತ್ರ ಚುಚ್ಚಿದರೆ ಸಾಲದು.

ಆಮೇಲೆ ಕೇಬಲ್. ಸಾಮಾನ್ಯ ಯುಎಸ್‌ಬಿ ಕೇಬಲ್‌ನೊಳಗೆ ನಾಲ್ಕು ಎಳೆಗಳಿರುತ್ತವೆ. ಎರಡು ಕರೆಂಟ್‌ಗೆ, ಎರಡು ಮಾಹಿತಿ ಸಾಗಿಸಲು. ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಮಾಹಿತಿಯ ಎರಡು ಎಳೆ ಇರುವುದೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಪವರ್ ಬ್ಯಾಂಕ್ ಜೊತೆ, ಬ್ಲೂಟೂತ್ ಇಯರ್‌ಫೋನ್ ಜೊತೆ ಬರುವ ತುಂಡು ಕೇಬಲ್‌ಗಳನ್ನು ಮೊದಲು ಅನುಮಾನಿಸಿ. ಪರೀಕ್ಷೆ ಸುಲಭ: ಅದೇ ಕೇಬಲ್‌ನಲ್ಲಿ ಮೊಬೈಲನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಫೈಲ್ ವರ್ಗಾವಣೆಯ ಆಯ್ಕೆ ಕೊಟ್ಟು, ಫೋಟೋ ಕಾಪಿ ಆಗುತ್ತದಾ ನೋಡಿ. ಬರೀ ಚಾರ್ಜ್ ಆದರೆ ಆ ಕೇಬಲ್ ಈ ಕೆಲಸಕ್ಕಲ್ಲ. ಆಂಪ್‌ನ ಕಿಂಡಿ ಚೌಕಾಕಾರದ್ದಾದರೆ ಪ್ರಿಂಟರ್ ಕೇಬಲ್ ಬೇಕು. ಅದರಲ್ಲಿ ನಾಲ್ಕೂ ಎಳೆ ಇರುತ್ತವೆ, ಅದು ಒಂದು ಅನುಕೂಲ. ಉದ್ದ ಐದು ಮೀಟರ್ ದಾಟಬಾರದು. ಎರಡು ಮೀಟರ್ ಒಳಗಿದ್ದರೆ ಇನ್ನೂ ಒಳ್ಳೆಯದು.

ಯುಎಸ್‌ಬಿ ಹಬ್ ಇದ್ದರೆ ತೆಗೆದು, ನೇರ ಲ್ಯಾಪ್‌ಟಾಪ್‌ಗೇ ಹಾಕಿ. ಒಂದು ಪೋರ್ಟ್‌ನಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಹಾಕಿ.

ಮಲೆನಾಡಿನಲ್ಲಿ ಇನ್ನೊಂದು ಕಾಟ ಇದೆ, ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆಲ್ಲ ಬೂಷ್ಟು ಹಿಡಿಯುವ ಮನೆಯಲ್ಲಿ ಜಾಕ್ ಮತ್ತು ಯುಎಸ್‌ಬಿ ಕಿಂಡಿಯ ಲೋಹಕ್ಕೂ ಕಿಲುಬು ಹತ್ತುತ್ತದೆ. ಕೇಬಲ್ ಸ್ವಲ್ಪ ಅಲುಗಾಡಿಸಿದಾಗ ಸಂಪರ್ಕ ಬಂದು ಹೋಗಿ ಮಾಡಿದರೆ ಇದೇ ಇರಬಹುದು. ಎಲ್ಲವನ್ನೂ ಆಫ್ ಮಾಡಿ, ಪ್ಲಗ್ ಕಿತ್ತು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು, ಜ್ಯಾಕನ್ನು ಹಲವು ಸಲ ಹಾಕಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ.

ಇಷ್ಟಾದ ಮೇಲೆ ಕಂಪ್ಯೂಟರ್ ಒಳಗೆ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಕೇಬಲ್ ಚುಚ್ಚಿ. ಪಟ್ಟಿ ಒಮ್ಮೆ ಮಿಣುಕಿ ಹೊಸ ಸಾಲು ಬಂದರೆ ಕೇಬಲ್ ಸರಿ ಇದೆ. ಆ ಸಾಲಿನ ಮೇಲೆ ಹಳದಿ ತ್ರಿಕೋನ ಕಂಡರೆ ಡ್ರೈವರ್ ತೊಂದರೆ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ಅನ್ನೋ ಕಡೆ ಇದೇ ಪಟ್ಟಿ ಸಿಗುತ್ತದೆ.

ಡ್ರೈವರ್ ಅಂದರೆ ಏನು, ಯಾರಿಗೆ ಬೇಕು?

ಹೊಸ ಸಾಮಾನಿನ ಜೊತೆ ಹೇಗೆ ವ್ಯವಹರಿಸಬೇಕು ಅಂತ ಕಂಪ್ಯೂಟರ್‌ಗೆ ಹೇಳಿಕೊಡುವ ಸಣ್ಣ ಪ್ರೋಗ್ರಾಂ ಡ್ರೈವರ್. ಯುಎಸ್‌ಬಿ ಆಡಿಯೋಗೆ ಎಲ್ಲ ಕಂಪನಿಗಳೂ ಪಾಲಿಸಬಹುದಾದ ಒಂದು ಸಾಮಾನ್ಯ ನಿಯಮ ಇದೆ. ಅದರ ಮೊದಲ ಆವೃತ್ತಿ ಬಂದಿದ್ದು 1998ರಲ್ಲಿ, ಎರಡನೆಯದು 2006ರಲ್ಲಿ. ಆಂಪ್ ಈ ನಿಯಮ ಪಾಲಿಸಿದ್ದರೆ ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಸುಮ್ನೆ ಚುಚ್ಚಿದರೆ ಸಾಕು. ವಿಂಡೋಸ್ ಎರಡನೇ ಆವೃತ್ತಿಯನ್ನು ತಾನಾಗಿಯೇ ಅರ್ಥಮಾಡಿಕೊಳ್ಳಲು ಶುರುಮಾಡಿದ್ದು 2017ರಲ್ಲಿ, ವಿಂಡೋಸ್ 10ರ ಒಂದು ಅಪ್‌ಡೇಟ್‌ನಲ್ಲಿ. ಅದಕ್ಕಿಂತ ಹಳೆಯ ವಿಂಡೋಸ್ ಇಟ್ಟುಕೊಂಡವರಿಗೆ ಕಂಪನಿಯ ಡ್ರೈವರ್ ಬೇಕಾಗುವ ಸಾಧ್ಯತೆ ಜಾಸ್ತಿ.

ಡ್ರೈವರ್ ಬೇಕಿದ್ದರೆ ಆಂಪ್ ಕಂಪನಿಯ ಸ್ವಂತ ವೆಬ್‌ಸೈಟ್‌ನಿಂದ, ನಿಮ್ಮ ಮಾಡೆಲ್ ಹೆಸರು ಹುಡುಕಿಯೇ ಇಳಿಸಿಕೊಳ್ಳಿ. "ಎಲ್ಲ ಡ್ರೈವರ್ ಒಂದೇ ಕಡೆ" ಅಂತ ಕರೆಯುವ ತಾಣಗಳ ಕಡೆ ತಲೆ ಹಾಕಬೇಡಿ. ಕೆಲವು ಕಂಪನಿಗಳು ಮೊದಲು ಡ್ರೈವರ್ ಹಾಕಿ ಆಮೇಲೆ ಕೇಬಲ್ ಚುಚ್ಚಿ ಅಂತ ಹೇಳಿರುತ್ತವೆ. ಆ ಕ್ರಮ ತಪ್ಪಿದರೆ ಡ್ರೈವರ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಮೊದಲಿಂದ ಮಾಡುವುದು ಸುಲಭ.

ವಿಂಡೋಸ್‌ನವರಿಗೆ ಇಲ್ಲಿ ಎಸಿಯೋ ಅನ್ನೋ ಹೆಸರು ಎದುರಾಗುತ್ತದೆ. ಸ್ಟೈನ್‌ಬರ್ಗ್ ಅನ್ನೋ ಜರ್ಮನ್ ಕಂಪನಿ 1997ರಲ್ಲಿ ತಂದ ಪದ್ಧತಿ ಇದು. ವಿಂಡೋಸ್‌ನ ಮಾಮೂಲಿ ಸೌಂಡ್ ವ್ಯವಸ್ಥೆ ಎಲ್ಲ ಆ್ಯಪ್‌ಗಳ ಸದ್ದನ್ನೂ ಬೆರೆಸಿ ಕಳಿಸುವುದರಿಂದ ತಡವಾಗುತ್ತದೆ. ಎಸಿಯೋ ಆ ಬೆರಕೆಯನ್ನು ಬಿಟ್ಟು ರೆಕಾರ್ಡಿಂಗ್ ಸಾಫ್ಟ್‌ವೇರ್ ಮತ್ತು ಸಾಮಾನಿನ ನಡುವೆ ನೇರ ದಾರಿ ಮಾಡುತ್ತದೆ. ಕಂಪನಿಯೇ ಎಸಿಯೋ ಡ್ರೈವರ್ ಕೊಟ್ಟಿದ್ದರೆ ಅದನ್ನೇ ಬಳಸಿ. ಕೊಡದಿದ್ದರೆ ಎಸಿಯೋ ಫಾರ್ ಆಲ್ ಅನ್ನೋ ಉಚಿತ ಡ್ರೈವರ್ ಬಳಸುವವರಿದ್ದಾರೆ. ಎರಡೂ ಇದ್ದಾಗ ಸಾಫ್ಟ್‌ವೇರ್‌ನಲ್ಲಿ ಯಾವುದು ಆಯ್ಕೆಯಾಗಿದೆ ಅಂತ ನೋಡಲು ಮರೆಯಬೇಡಿ.

ಆಂಪ್ ಕಾಣುತ್ತದೆ, ಸದ್ದು ಬರುತ್ತಿಲ್ಲ

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ರೆಕಾರ್ಡ್ ಒತ್ತಿ, ಬೇಸ್ ನುಡಿಸಿ, ಪರದೆಯ ಮೇಲೆ ಮೂಡುವ ಗೆರೆಯನ್ನು ದೊಡ್ಡದು ಮಾಡಿ ನೋಡಿ. ಆ ಗೆರೆ ಬಹಳಷ್ಟು ಹೇಳುತ್ತದೆ.

ಸ್ಕೇಲ್ ಇಟ್ಟು ಎಳೆದ ಹಾಗೆ ಪೂರ್ತಿ ಚಪ್ಪಟೆ ಗೆರೆ ಇದ್ದರೆ ಸಾಫ್ಟ್‌ವೇರ್‌ಗೆ ಏನೂ ತಲುಪಿಲ್ಲ. ನಿಜವಾದ ಆಂಪ್‌ನಿಂದ ಒಂದಿಷ್ಟಾದರೂ ಸದ್ದು ಬಂದೇ ಬರುತ್ತದೆ, ಸಂಪೂರ್ಣ ಸೊನ್ನೆ ಬರುವುದು ಅಪರೂಪ. ಹಾಗಾಗಿ ಇಲ್ಲಿ ಅನುಮತಿಯ ಅಥವಾ ಆಯ್ಕೆಯ ತೊಂದರೆ ಇದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ಒಳಗೆ ಮೈಕ್ರೊಫೋನ್ ತೆರೆಯಿರಿ. ಮೇಲಿನ ಸ್ವಿಚ್ ಆನ್ ಇದ್ದರೂ, ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅಂತ ಇನ್ನೊಂದು ಸ್ವಿಚ್ ಇದೆ. ಅದು ಆಫ್ ಆಗಿದ್ದರೆ ಸದ್ದು ಬರುವುದಿಲ್ಲ. "ನಾನು ಮೈಕ್ ಬಳಸ್ತಿಲ್ವಲ್ಲ, ಗಿಟಾರ್ ಅಲ್ವಾ" ಅಂತ ಅನ್ನಿಸಬಹುದು. ಕಂಪ್ಯೂಟರ್‌ನ ಲೆಕ್ಕದಲ್ಲಿ ಒಳಗೆ ಬರುವ ಸದ್ದೆಲ್ಲ ಮೈಕ್‌ನದ್ದೇ. ಮ್ಯಾಕ್‌ನಲ್ಲೂ ಇದೇ ಥರ ಪ್ರತಿ ಆ್ಯಪ್‌ಗೂ ಮೈಕ್ರೊಫೋನ್ ಅನುಮತಿ ಕೊಡಬೇಕು.

ಗೆರೆಯ ಮೇಲೆ ಸಣ್ಣ ರೋಮದ ಹಾಗೆ ಏರಿಳಿತ ಇದ್ದು, ನುಡಿಸಿದಾಗ ಸ್ವಲ್ಪವೇ ದಪ್ಪವಾದರೆ ಸದ್ದು ಬರುತ್ತಿದೆ, ಮಟ್ಟ ಕಡಿಮೆ. ಆಂಪ್‌ನ ಗೇನ್ (ಒಳಗೆ ಬರುವ ಸದ್ದಿನ ಮಟ್ಟ ಹೊಂದಿಸುವ ಗುಂಡಿ) ಏರಿಸಿ. ಎಷ್ಟೋ ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಸ್ಪೀಕರ್‌ಗೆ ಮಾತ್ರ, ಯುಎಸ್‌ಬಿಗೆ ಹೋಗುವ ಮಟ್ಟ ಬೇರೆ. ಇದರಿಂದ ರಾತ್ರಿ ಹೊತ್ತು ಮಾಸ್ಟರ್ ಸೊನ್ನೆಗೆ ಇಳಿಸಿ, ಮನೆಯವರ ನಿದ್ದೆ ಕೆಡಿಸದೆ ರೆಕಾರ್ಡ್ ಮಾಡಬಹುದು. ಆದರೆ ಕೆಲವು ಆಂಪ್‌ಗಳಲ್ಲಿ ವಾಲ್ಯೂಮ್ ಇಳಿಸಿದರೆ ಯುಎಸ್‌ಬಿ ಮಟ್ಟವೂ ಇಳಿಯುತ್ತದೆ. ಒಂದೊಂದೇ ಗುಂಡಿ ತಿರುಗಿಸಿ, ಯಾವುದಕ್ಕೆ ಪರದೆಯ ಮೀಟರ್ ಅಲುಗುತ್ತದೆ ಅಂತ ನೋಡಿಕೊಂಡರೆ ಮುಗಿಯಿತು.

ಗೆರೆ ಇಟ್ಟಿಗೆ ಜೋಡಿಸಿದ ಹಾಗೆ ದಪ್ಪಗಿದ್ದು, ಮೇಲೆ ಕೆಳಗೆ ಕತ್ತರಿಸಿದಂತೆ ಕಂಡರೆ ಮಟ್ಟ ಜಾಸ್ತಿಯಾಗಿದೆ. ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಸೊನ್ನೆ ಡೆಸಿಬೆಲ್ ಅನ್ನುವುದು ಮೇಲಿನ ಗಡಿ. ಅದರಾಚೆ ಹೋದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅತಿ ಜೋರಾಗಿ ನುಡಿಸಿದಾಗಲೂ ಮೀಟರ್ ಮೈನಸ್ 12ರಿಂದ ಮೈನಸ್ 6ರ ನಡುವೆ ಇರುವಂತೆ ನೋಡಿಕೊಳ್ಳಿ. ಬೆರಳ ತುದಿಯಿಂದ ನುಡಿಸಿ ಮಟ್ಟ ಹೊಂದಿಸಿ, ಆಮೇಲೆ ಹಾಡಿನ ಮಧ್ಯೆ ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಶೈಲಿಗೆ ಇಳಿದರೆ ಮಟ್ಟ ಹಾರಿಹೋಗುತ್ತದೆ. ಜೋರಿನ ಭಾಗವನ್ನೇ ನುಡಿಸಿ ಹೊಂದಿಸಬೇಕು.

ಇನ್ನೊಂದು ಸಂದರ್ಭ ಇದೆ, ಅದು ಸುಲಭಕ್ಕೆ ಗೊತ್ತಾಗುವುದಿಲ್ಲ. ಬೇಸ್ ರೆಕಾರ್ಡ್ ಆಗುತ್ತದೆ, ಆದರೆ ದೂರದಲ್ಲೆಲ್ಲೋ ಕೇಳಿದ ಹಾಗೆ, ಜೊತೆಗೆ ಫ್ಯಾನ್ ಸದ್ದು, ಹೆಂಚಿನ ಮೇಲೆ ಮಳೆ ಬಿದ್ದ ಸದ್ದು. ಅಂದರೆ ಸಾಫ್ಟ್‌ವೇರ್ ಆಂಪ್ ಬಿಟ್ಟು ಲ್ಯಾಪ್‌ಟಾಪ್‌ನ ಸ್ವಂತ ಮೈಕ್ ಹಿಡಿದುಕೊಂಡಿದೆ. ಲ್ಯಾಪ್‌ಟಾಪ್‌ನ ಮೈಮೇಲೆ ಉಗುರಿನಿಂದ ಟಕ್ ಟಕ್ ಅಂತ ಕುಟ್ಟಿ. ಮೀಟರ್ ಹಾರಿದರೆ ಖಾತ್ರಿ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಆಡಿಯೋ ಸೆಟಪ್ ಒಳಗೆ ರೆಕಾರ್ಡಿಂಗ್ ಡಿವೈಸ್ ಅಂತ ಇದೆ, ಅಲ್ಲಿ ಆಂಪ್‌ನ ಹೆಸರು ಆರಿಸಿ. ಸಾಫ್ಟ್‌ವೇರ್ ತೆರೆದ ಮೇಲೆ ಕೇಬಲ್ ಚುಚ್ಚಿದ್ದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಅಲ್ಲೇ ಇರುವ ರೀಸ್ಕ್ಯಾನ್ ಒತ್ತಿ, ಇಲ್ಲವೇ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಕೆಲವೊಮ್ಮೆ ಆಂಪ್‌ನ ಹೆಸರಿನ ಬದಲು "ಯುಎಸ್‌ಬಿ ಆಡಿಯೋ ಕೋಡೆಕ್" ಅಂತಲೋ ಇನ್ನೇನೋ ಕಾಣುತ್ತದೆ. ಕೇಬಲ್ ತೆಗೆದಾಗ ಪಟ್ಟಿಯಿಂದ ಮಾಯವಾಗುವ ಹೆಸರು ಯಾವುದೋ ಅದೇ ನಿಮ್ಮದು.

ಸದ್ದು ಒಂದೇ ಕಿವಿಯಲ್ಲಿ ಬಂದರೆ ಗಾಬರಿ ಬೇಡ. ಸ್ಟೀರಿಯೋ ಟ್ರ್ಯಾಕ್‌ನ ಒಂದು ಬದಿಗೆ ಮಾತ್ರ ಸದ್ದು ಬಂದಿದೆ. ಬೇಸ್‌ಗೆ ಸ್ಟೀರಿಯೋ ಬೇಕಾಗಿಯೂ ಇಲ್ಲ, ರೆಕಾರ್ಡಿಂಗ್ ಚಾನೆಲ್ ಅನ್ನು ಮೊನೋ ಮಾಡಿ.

ಬೇಸ್ ತಡವಾಗಿ ಬರುತ್ತದೆ, ನಡುನಡುವೆ ಚಟಚಟ ಅನ್ನುತ್ತದೆ

ಈ ಎರಡು ದೂರಿಗೂ ಮೂಲ ಒಂದೇ, ಬಫರ್. ಕಂಪ್ಯೂಟರ್ ಬಂದ ಅಂಕಿಗಳನ್ನು ಒಂದೊಂದಾಗಿ ತೆಗೆದುಕೊಳ್ಳುವುದಿಲ್ಲ. ಒಂದಿಷ್ಟು ಸೇರುವವರೆಗೆ ಕಾದು, ಕಂತಿನಲ್ಲಿ ತೆಗೆದುಕೊಳ್ಳುತ್ತದೆ. ಆ ಕಂತಿನ ಗಾತ್ರವೇ ಬಫರ್. ಸೆಕೆಂಡಿಗೆ 44,100 ಅಳತೆಯ ಲೆಕ್ಕದಲ್ಲಿ 128ರ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್, 512 ಅಂದರೆ ಸುಮಾರು 12, 1024 ಅಂದರೆ ಸುಮಾರು 23. ಒಳಗೆ ಬರುವಾಗ ಒಂದು ಕಂತು, ಹೊರಗೆ ಹೋಗುವಾಗ ಇನ್ನೊಂದು ಕಂತು. ಹಾಗಾಗಿ ನಿಮಗೆ ಕೇಳುವ ತಡ ಇದರ ಎರಡರಷ್ಟು, ಅದರ ಮೇಲೆ ಚೂರುಪಾರು.

ಬಫರ್ ಚಿಕ್ಕದಾದರೆ ತಡ ಕಡಿಮೆ. ಆದರೆ ಕಂಪ್ಯೂಟರ್‌ಗೆ ಉಸಿರಾಡಲೂ ಬಿಡುವಿಲ್ಲ. ಒಂದು ಕಂತು ತಪ್ಪಿತು ಅಂದ್ರೆ ಆ ಜಾಗದಲ್ಲಿ ಚಟ್ ಅನ್ನುತ್ತದೆ. ಚಟಚಟ ಬರುತ್ತಿದ್ದರೆ ಬಫರ್ ದೊಡ್ಡದು ಮಾಡಿ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಮೋಡ್‌ನಲ್ಲಿದ್ದರೆ ತೆಗೆಯಿರಿ. ವೈಫೈ, ಬ್ಲೂಟೂತ್ ಆಫ್ ಮಾಡಿ, ಬ್ರೌಸರ್‌ನ ಟ್ಯಾಬ್‌ಗಳನ್ನು ಮುಚ್ಚಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವುದನ್ನೂ ನಿಲ್ಲಿಸಿ. ಅದು ಕರೆಂಟ್ ಉಳಿಸಲು ಯುಎಸ್‌ಬಿ ಸಾಮಾನುಗಳನ್ನು ಆಗಾಗ ಮಲಗಿಸುತ್ತದೆ.

ದೊಡ್ಡ ಬಫರ್ ಇಟ್ಟರೆ ತಡವಾಗುವುದಿಲ್ಲವೇ? ಆಗುತ್ತದೆ. ಆದರೆ ಆಂಪ್ ಇರುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ನೀವು ನುಡಿಸಿದ್ದು ಆಂಪ್‌ನ ಸ್ಪೀಕರ್ ಅಥವಾ ಅದರ ಹೆಡ್‌ಫೋನ್ ಜ್ಯಾಕ್‌ನಿಂದ ಕೂಡಲೇ ಕೇಳುತ್ತಲೇ ಇರುತ್ತದೆ. ಅದು ಕಂಪ್ಯೂಟರ್‌ಗೆ ಹೋಗಿ ವಾಪಸ್ ಬರುವ ಅಗತ್ಯವೇ ಇಲ್ಲ. ಪ್ರತಿ ಸ್ವರವೂ ಎರಡೆರಡು ಸಲ ಕೇಳುತ್ತಿದೆ ಅಂದರೆ ಸಾಫ್ಟ್‌ವೇರ್ ಕೂಡ ಅದನ್ನು ವಾಪಸ್ ಕಳಿಸುತ್ತಿದೆ. ಪ್ಲೇಥ್ರೂ ಅಥವಾ ಇನ್‌ಪುಟ್ ಮಾನಿಟರಿಂಗ್ ಅನ್ನೋ ಆಯ್ಕೆ ಆಫ್ ಮಾಡಿದರೆ ಎರಡನೇ ಸದ್ದು ಹೋಗುತ್ತದೆ.

ನುಡಿಸುವಾಗ ತಾಳ ಸರಿ ಇದ್ದು, ವಾಪಸ್ ಕೇಳುವಾಗ ಮಾತ್ರ ಬೇಸ್ ಹಿಂದೆ ಬಿದ್ದರೆ ಅದು ಬೇರೆ. ಸಾಫ್ಟ್‌ವೇರ್ ಆ ತಡವನ್ನು ಲೆಕ್ಕ ಹಾಕಿ ಟ್ರ್ಯಾಕನ್ನು ಅಷ್ಟು ಬೇಗ ಶುರುವಾಗುವಂತೆ, ಅಂದರೆ ಪರದೆಯಲ್ಲಿ ಎಡಕ್ಕೆ, ಸರಿಸಬೇಕು. ಆ ಲೆಕ್ಕ ನಿಮ್ಮ ಕಂಪ್ಯೂಟರ್‌ಗೆ ಹೊಂದದಿದ್ದರೆ ಹೀಗಾಗುತ್ತದೆ. ಆಡಾಸಿಟಿ ಇದಕ್ಕೆ ಮೈನಸ್ 130 ಮಿಲಿಸೆಕೆಂಡ್ ಅಂತ ಒಂದು ಅಂದಾಜು ಇಟ್ಟುಕೊಂಡಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಅನ್ನೋ ಕಡೆ ಅದನ್ನು ಬದಲಿಸಬಹುದು. ಮೆಟ್ರೋನೋಮ್‌ನ ಟ್ರ್ಯಾಕ್ ಹಾಕಿಕೊಂಡು, ಪ್ರತಿ ಟಿಕ್‌ಗೂ ಒಂದು ತಂತಿ ಮೀಟಿ ರೆಕಾರ್ಡ್ ಮಾಡಿ, ಎರಡು ಗೆರೆಗಳ ಅಂತರ ಅಳೆದರೆ ಎಷ್ಟು ಸರಿಸಬೇಕು ಅಂತ ಸಿಗುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಈ ಯಾವುದನ್ನೂ ಮಾಡಲು ಹೋಗಬೇಡಿ. ಅದರದ್ದೇ ತಡ ಬೇರೆ ಇರುತ್ತದೆ.

ರಾಗ ಏರಿದೆ, ಹಾಡು ಓಡುತ್ತಿದೆ

44,100ರಲ್ಲಿ ರೆಕಾರ್ಡ್ ಆಗಿದ್ದನ್ನು 48,000 ಅಂತ ತಿಳಿದು ನುಡಿಸಿದರೆ ಹಾಡು ಸುಮಾರು ಶೇಕಡ 9ರಷ್ಟು ಜೋರಾಗಿ ಓಡುತ್ತದೆ, ಶ್ರುತಿ ಗಿಟಾರ್‌ನ ಸುಮಾರು ಒಂದೂವರೆ ಮನೆ (ಫ್ರೆಟ್) ಮೇಲೇರುತ್ತದೆ. ತಿರುಗುಮುರುಗಾದರೆ ಇಳಿಯುತ್ತದೆ. ಆಂಪ್ ಯಾವ ರೇಟ್‌ನಲ್ಲಿ ಕೆಲಸ ಮಾಡುತ್ತದೋ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲೂ ಸಾಫ್ಟ್‌ವೇರ್‌ನಲ್ಲೂ ಅದೇ ರೇಟ್ ಇಡಿ. ಕೆಲವು ಆಂಪ್‌ಗಳಿಗೆ ಒಂದೇ ಒಂದು ರೇಟ್ ಗೊತ್ತು. ಬೇರೆಯದು ಕೊಟ್ಟರೆ ರೆಕಾರ್ಡ್ ಶುರುವಾಗುವುದೇ ಇಲ್ಲ.

ಟ್ರ್ಯಾಕ್ ಹಂಚಿಕೊಳ್ಳುವವರು ಯಾವ ರೇಟ್ ಅಂತ ಮೊದಲೇ ಮಾತಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಸದ್ದನ್ನು ಕುಗ್ಗಿಸದೆ ಇಡುವ ವಾವ್ ಫೈಲ್ ಆಗಿ, ಡಾಕ್ಯುಮೆಂಟ್ ಅಂತ ಕಳಿಸಿ. ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಬೇಸ್‌ನ ಗುಣವೇ ಹೋಗುತ್ತದೆ.

ಗುಂಯ್ ಅನ್ನೋ ಸದ್ದು

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಇದು ಜಾಸ್ತಿ, ಬೇಸ್‌ಗೆ ಇದರ ಹೊಡೆತವೂ ಜಾಸ್ತಿ.

ನಮ್ಮ ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಹೋಗಿ ಬರುವ ಅಲೆ. ಅದು ಸದ್ದಿನ ದಾರಿಯೊಳಗೆ ನುಸುಳಿದರೆ 50 ಹರ್ಟ್ಸ್‌ನ ಗುಂಯ್, ಅದರ ಜೊತೆ 100ರದ್ದೂ ಕೇಳುತ್ತದೆ. ಈಗ ಬೇಸ್ ನೋಡಿ. ಇ ತಂತಿಯ ಮೂರನೇ ಮನೆಯಲ್ಲಿ ಸಿಗುವ ಜಿ ಸ್ವರ 49 ಹರ್ಟ್ಸ್. ಖಾಲಿ ಜಿ ತಂತಿ 98. ಅಂದರೆ ಗುಂಯ್ ಸದ್ದು ಬಂದು ಕೂರುವುದು ನಿಮ್ಮ ಸ್ವರದ ಮಡಿಲಲ್ಲೇ. "ಆಮೇಲೆ ಈಕ್ವಲೈಸರ್‌ನಲ್ಲಿ ತೆಗೆದರಾಯ್ತು" ಅಂತ ಬಿಟ್ಟರೆ, ಗುಂಯ್ ಜೊತೆ ನಿಮ್ಮ ಜಿ ಕೂಡ ಸೊರಗುತ್ತದೆ. ಇದನ್ನು ರೆಕಾರ್ಡಿಂಗ್‌ಗೆ ಮುಂಚೆಯೇ ಹಿಡಿಯಬೇಕು.

ಗಿಟಾರ್‌ನ ವಾಲ್ಯೂಮ್ ಪೂರ್ತಿ ಇಳಿಸಿ. ಗುಂಯ್ ನಿಂತರೆ ಅದು ಪಿಕಪ್‌ನಿಂದ ಬರುತ್ತಿದೆ. ಲ್ಯಾಪ್‌ಟಾಪ್ ಚಾರ್ಜರ್, ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್‌ಗಳಿಂದ ದೂರ ಕೂತು, ಗಿಟಾರ್ ಹಿಡಿದ ದಿಕ್ಕು ಬದಲಿಸಿ. ಕೂತಲ್ಲೇ ನಿಧಾನವಾಗಿ ತಿರುಗಿದರೆ ಯಾವುದೋ ಒಂದು ಕೋನದಲ್ಲಿ ಸದ್ದು ತಗ್ಗುತ್ತದೆ. ಆ ಕಡೆಗೇ ಮುಖ ಮಾಡಿ ನುಡಿಸಿ.

ವಾಲ್ಯೂಮ್ ಇಳಿಸಿದರೂ ಗುಂಯ್ ಹಾಗೇ ಇದ್ದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಥಟ್ಟನೆ ನಿಂತಿತೇ? ಹಾಗಾದರೆ ಅದು ಗ್ರೌಂಡ್ ಲೂಪ್. ಆಂಪ್ ತನ್ನ ಮೂರು ಪಿನ್‌ನ ಪ್ಲಗ್ ಮೂಲಕ ಭೂಮಿಗೆ ಸೇರಿದೆ. ಲ್ಯಾಪ್‌ಟಾಪ್ ಕೂಡ ಚಾರ್ಜರ್ ಮೂಲಕ ಸೇರಿದೆ. ಮಧ್ಯೆ ಯುಎಸ್‌ಬಿ ಕೇಬಲ್ ಎರಡನ್ನೂ ಜೋಡಿಸಿದೆ. ಹೀಗೆ ಒಂದು ಸುತ್ತು ಪೂರ್ತಿಯಾಗಿ, ಅದರಲ್ಲಿ ಬೇಡದ ಕರೆಂಟ್ ಓಡಾಡುತ್ತದೆ. ರೆಕಾರ್ಡ್ ಮಾಡುವಷ್ಟು ಹೊತ್ತು ಬ್ಯಾಟರಿಯಲ್ಲೇ ಓಡಿಸುವುದು ಖರ್ಚಿಲ್ಲದ ಪರಿಹಾರ. ಇಲ್ಲವೇ ಆಂಪ್ ಮತ್ತು ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಯುಎಸ್‌ಬಿ ಐಸೋಲೇಟರ್ ಅನ್ನೋ, ಕರೆಂಟ್‌ನ ಕೊಂಡಿ ಕಡಿದು ಮಾಹಿತಿ ಮಾತ್ರ ದಾಟಿಸುವ ಸಣ್ಣ ಪೆಟ್ಟಿಗೆ ಸಿಗುತ್ತದೆ.

ಆಂಪ್‌ನ ಅರ್ಥಿಂಗ್ ಪಿನ್ ಮುರಿದು ಹಾಕಿದರೆ ಗುಂಯ್ ಹೋಗುತ್ತದೆ ಅಂತ ಹೇಳಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ದಯವಿಟ್ಟು ಮಾಡಬೇಡಿ. ಒಳಗೆ ಏನಾದರೂ ಕೆಟ್ಟು 230 ವೋಲ್ಟ್ ಆಂಪ್‌ನ ಲೋಹಕ್ಕೆ ತಗುಲಿದರೆ, ಅದನ್ನು ಭೂಮಿಗೆ ಇಳಿಸುವುದು ಆ ಪಿನ್. ಅದಿಲ್ಲದಿದ್ದರೆ ಅದು ಇಳಿಯುವುದು ತಂತಿ ಹಿಡಿದ ನಿಮ್ಮ ಮೂಲಕ.

ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಇದ್ದೂ ಇಲ್ಲದಂತಿರುವುದುಂಟು. ಲ್ಯಾಪ್‌ಟಾಪ್‌ನ ಲೋಹದ ಭಾಗ ಮುಟ್ಟಿದಾಗ ಜುಮ್ ಅನ್ನುತ್ತದೆ ಅಂದರೆ ಅನುಮಾನ ಪಡಬೇಕು. ಮಣ್ಣು ಒಣಗಿದಷ್ಟೂ ಅರ್ಥ್ ಪಿಟ್‌ನ ಕೆಲಸ ಕುಂದುತ್ತದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹುಯ್ಯುವ ರೂಢಿ ಬಂದಿದ್ದು ಅದಕ್ಕೇ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿದರೆ ರೆಕಾರ್ಡಿಂಗ್‌ಗಿಂತ ಮನೆಯವರ ಜೀವಕ್ಕೆ ಒಳ್ಳೆಯದು.

ಕರೆಂಟ್ ಹೋಗಿ ಯುಪಿಎಸ್ ಶುರುವಾದ ಕ್ಷಣದಿಂದ ಕರಕರ ಅನ್ನುವ ಸದ್ದು ಬಂದರೆ, ಆ ಯುಪಿಎಸ್ ಸ್ಕ್ವೇರ್ ವೇವ್‌ನದ್ದಿರಬಹುದು. ಅದರ ಕರೆಂಟ್ ನುಣುಪಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಫ್ಯಾನ್ ಕೂಡ ಅದರಲ್ಲಿ ಗೊರಗೊರ ಅನ್ನುತ್ತದಲ್ಲ, ಅದೇ ಕಾರಣ. ಸೈನ್ ವೇವ್ ಯುಪಿಎಸ್‌ನಲ್ಲಿ ಈ ಕಾಟ ಕಡಿಮೆ. ಇದ್ದುದರಲ್ಲೇ ಸುಧಾರಿಸಬೇಕು ಅಂದರೆ ಕರೆಂಟ್ ಬರುವವರೆಗೆ ಕಾಯುವುದೇ ಸರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಆಂಪ್, ಲ್ಯಾಪ್‌ಟಾಪ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಬೇಸೇ ಇಲ್ಲದ ಬೇಸ್

ಮೀಟರ್ ಸರಿ, ಗೆರೆ ಸರಿ, ಆದರೂ ಕೇಳಿದರೆ ಬೇಸ್ ಸಪ್ಪೆ. ಮೊದಲು ಯಾವುದರಲ್ಲಿ ಕೇಳುತ್ತಿದ್ದೀರಿ ನೋಡಿ. ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗೆ 41 ಹರ್ಟ್ಸ್ ನುಡಿಸುವ ತಾಕತ್ತಿಲ್ಲ, 100 ಹರ್ಟ್ಸ್‌ಗೂ ತಿಣುಕುತ್ತದೆ. ವೈರ್ ಇರುವ ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ.

ಅದರಲ್ಲೂ ಸಪ್ಪೆಯಾದರೆ, ಆಂಪ್ ಯುಎಸ್‌ಬಿಗೆ ಸ್ಪೀಕರ್‌ನ ಗುಣ ಸೇರಿಸದೆ ಬರೀ ತಂತಿಯ ಸದ್ದನ್ನು ಕಳಿಸುತ್ತಿರಬಹುದು. ಕೆಲವು ಆಂಪ್‌ಗಳಲ್ಲಿ ಈ ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬಹುದು. ವಿಂಡೋಸ್‌ನ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಮಾತಿಗೆಂದು ಮಾಡಿದ ಸದ್ದು ಶುದ್ಧೀಕರಣ ಬೇಸ್‌ನ ಉದ್ದ ಸ್ವರವನ್ನು ಗಲಾಟೆ ಅಂತ ತಿಳಿದು ನುಂಗಿಬಿಡಬಹುದು.

ಯುಎಸ್‌ಬಿಯೇ ಬೇಡ ಅಂದರೆ

ಕಿಂಡಿ ಆಡಿಯೋದ್ದಲ್ಲ, ಅಥವಾ ಕೆಟ್ಟಿದೆ ಅಂತ ಖಾತ್ರಿಯಾದರೆ ಬೇರೆ ದಾರಿಗಳಿವೆ. ಆಂಪ್ ಹಿಂದೆ ಲೈನ್ ಔಟ್ ಅಥವಾ ಡಿಐ ಅಂತ ಬರೆದ ಜ್ಯಾಕ್ ಇದ್ದರೆ ಅದನ್ನು ಒಂದು ಸಣ್ಣ ಆಡಿಯೋ ಇಂಟರ್ಫೇಸ್‌ಗೆ ಹಾಕಿ. ಗಿಟಾರ್ ಅನ್ನೇ ನೇರವಾಗಿ ಇಂಟರ್ಫೇಸ್‌ಗೆ ಹಾಕುವುದಾದರೆ ಅದರ ಮೇಲೆ ಇನ್‌ಸ್ಟ್ರುಮೆಂಟ್ ಅಂತ ಬರೆದ ಸ್ವಿಚ್ ಒತ್ತಿರಬೇಕು. ಇಲ್ಲದಿದ್ದರೆ ಸದ್ದು ಮಂಕಾಗುತ್ತದೆ. ಇಂಟರ್ಫೇಸ್ ಇಲ್ಲದವರು ಆಂಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಲ್ಯಾಪ್‌ಟಾಪ್‌ನ ಮೈಕ್ ಜ್ಯಾಕ್‌ಗೆ ಕೊಡಬಹುದು, ವಾಲ್ಯೂಮ್ ಸೊನ್ನೆಯಿಂದ ಶುರುಮಾಡಿ. ಲ್ಯಾಪ್‌ಟಾಪ್‌ನಲ್ಲಿ ಮೈಕ್‌ಗೂ ಹೆಡ್‌ಫೋನ್‌ಗೂ ಸೇರಿ ಒಂದೇ ಜ್ಯಾಕ್ ಇದ್ದರೆ ಎರಡನ್ನೂ ಬೇರೆ ಮಾಡುವ ಸಣ್ಣ ಅಡಾಪ್ಟರ್ ಬೇಕು.

ಆಂಪ್‌ನ ಸ್ಪೀಕರ್ ಔಟ್ ಜ್ಯಾಕ್ ಕೂಡ ನೋಡಲು ಇದೇ ಥರ ಇರುತ್ತದೆ. ಅದನ್ನು ಲ್ಯಾಪ್‌ಟಾಪ್‌ಗಾಗಲಿ ಇಂಟರ್ಫೇಸ್‌ಗಾಗಲಿ ಹಾಕಬೇಡಿ. ಅದರಲ್ಲಿ ಬರುವುದು ಸ್ಪೀಕರ್‌ನ ಕೋನ್ ತಳ್ಳುವಷ್ಟು ಪವರ್, ಒಂದೇ ಸ್ವರಕ್ಕೆ ಲ್ಯಾಪ್‌ಟಾಪ್‌ನ ಸೌಂಡ್ ಚಿಪ್ ಸುಟ್ಟುಹೋಗಬಹುದು. ಜ್ಯಾಕ್ ಚುಚ್ಚುವ ಮೊದಲು ಅದರ ಪಕ್ಕದಲ್ಲಿ ಏನು ಬರೆದಿದೆ ಅಂತ ಟಾರ್ಚ್ ಹಾಕಿ ಓದಿ.